ಫ್ರಿಜ್‌ಗೆ ಮೊದಲು ಜಾಗ ಗೊತ್ತುಮಾಡಿ

ಕೇಳುಗರಿಗೆ ನಮಸ್ಕಾರ.

ಹಳೆಯ ಅಡುಗೆಮನೆಯನ್ನು ಒಡೆದು ಹೊಸದಾಗಿ ಮಾಡಿಸಲು ಹೊರಟವರ ಮನೆಯಲ್ಲಿ ಮೊದಲ ಮಾತುಕತೆ ನಡೆಯುವುದು ಗ್ರಾನೈಟಿನ ಬಣ್ಣದ ಬಗ್ಗೆ, ಕಪಾಟುಗಳ ಬಗ್ಗೆ, ಚಿಮಣಿಯ ಬಗ್ಗೆ. ಫ್ರಿಜ್‌ನ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ, ಉಳಿದುಹೋದ ಒಂದು ಮೂಲೆಯನ್ನು ತೋರಿಸಿ "ಇಲ್ಲಿಟ್ಟರಾಯಿತು" ಎನ್ನುವಾಗ. ಮೈಸೂರಿನ ನಮ್ಮ ಮನೆಯಲ್ಲೂ ಹೀಗೆಯೇ ಆಯಿತು. ಅಡುಗೆಕಟ್ಟೆ ಮುಗಿಯುವಲ್ಲಿಂದ ಗೋಡೆಯವರೆಗೆ ಉಳಿದ ಸಂದಿಯಲ್ಲಿ ಫ್ರಿಜ್ ಅಚ್ಚುಕಟ್ಟಾಗಿ ಕೂತಿತು, ಬಾಗಿಲೂ ತೆರೆಯಿತು. ಆದರೆ ಬಾಗಿಲಿನ ಕೀಲು ಗೋಡೆಯ ಕಡೆಗಿದ್ದುದರಿಂದ ಅದು ಸಾಕಷ್ಟು ಹಿಂದಕ್ಕೆ ಹೋಗುತ್ತಿರಲಿಲ್ಲ. ಕೆಳಗಿನ ತರಕಾರಿ ಡಬ್ಬಿ ಅರ್ಧ ಹೊರಬಂದು ಬಾಗಿಲಿನ ಅಂಚಿಗೆ ತಗಲಿ ನಿಂತುಬಿಡುತ್ತಿತ್ತು. ನಮ್ಮ ತಾಯಿ ಆರು ವರ್ಷ ಬಗ್ಗಿ, ಆ ಅರ್ಧ ತೆರೆದ ಡಬ್ಬಿಯೊಳಗೆ ಕೈ ತೂರಿಸಿ, ತಡಕಾಡಿ ತರಕಾರಿ ತೆಗೆದರು. ಎರಡನೆಯ ಸಲ ಅಡುಗೆಮನೆಗೆ ಕೈಹಾಕಿದಾಗ ಒಲೆಗೂ ಸಿಂಕಿಗೂ ಮೊದಲೇ ಫ್ರಿಜ್‌ನ ಜಾಗವನ್ನು ನೆಲದ ಮೇಲೆ ಗುರುತು ಮಾಡಿದೆವು. ನೀವೂ ಹಾಗೆ ಮಾಡಬೇಕೆಂದು ನಾನು ಕೇಳಿಕೊಳ್ಳುತ್ತಿರುವುದಕ್ಕೆ ಕಾರಣಗಳು ಆ ಯಂತ್ರದ ಕೆಲಸದಲ್ಲಿಯೇ ಇವೆ.

ಪೆಟ್ಟಿಗೆಯ ಒಳಗಿರುವ ಬಿಸಿಯನ್ನು ಎತ್ತಿ ತಂದು ಅಡುಗೆಮನೆಗೆ ಬಿಡುವುದು ಫ್ರಿಜ್‌ನ ಕೆಲಸ. ಬುಡದಲ್ಲಿರುವ ಕಂಪ್ರೆಸರ್ ಅನಿಲವನ್ನು ಒತ್ತುತ್ತದೆ. ಒತ್ತಡಕ್ಕೆ ಬಿಸಿಯಾದ ಅನಿಲ ಸುರುಳಿ ಕೊಳವೆಗಳಲ್ಲಿ ಹರಿಯುತ್ತಾ ತನ್ನ ಬಿಸಿಯನ್ನು ಹೊರಗಿನ ಗಾಳಿಗೆ ಒಪ್ಪಿಸಿ ದ್ರವವಾಗುತ್ತದೆ. ಹಿಂದೆ ಈ ಕಪ್ಪು ಕೊಳವೆಗಳ ಜಾಲ ಫ್ರಿಜ್‌ನ ಬೆನ್ನ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ಈಗಿನ ಅನೇಕ ಮಾದರಿಗಳಲ್ಲಿ ಅದನ್ನು ಎಡಬಲದ ತಗಡುಗಳ ಒಳಗೆ ಅಡಗಿಸಿರುತ್ತಾರೆ. ಮಧ್ಯಾಹ್ನದ ಹೊತ್ತು ಫ್ರಿಜ್‌ನ ಪಕ್ಕೆಯನ್ನು ಮುಟ್ಟಿದಾಗ ಕೈಗೆ ಬಿಸಿ ತಾಗುವುದು ಇದೇ ಕಾರಣಕ್ಕೆ. ಅದು ಯಂತ್ರ ಕೆಟ್ಟಿರುವ ಸೂಚನೆಯಲ್ಲ. ಆ ಪಕ್ಕೆಗೆ ಒತ್ತಿಕೊಂಡು ಪ್ಲೈವುಡ್ಡಿನ ಕಪಾಟು ನಿಲ್ಲಿಸಿದರೆ ಬಿಸಿ ಹೋಗಲು ದಾರಿಯಿಲ್ಲದೆ ಕಂಪ್ರೆಸರ್ ಹೆಚ್ಚು ಹೊತ್ತು ಓಡಬೇಕಾಗುತ್ತದೆ, ವಿದ್ಯುತ್ ಬಿಲ್ಲು ಏರುತ್ತದೆ, ಯಂತ್ರದ ಆಯಸ್ಸು ಕುಗ್ಗುತ್ತದೆ.

ಎಷ್ಟು ಜಾಗ ಬಿಡಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆ. ಜೊತೆಗೆ ಬರುವ ಕೈಪಿಡಿಯಲ್ಲಿ ಅದನ್ನು ಚಿತ್ರ ಸಮೇತ ಕೊಟ್ಟಿರುತ್ತಾರೆ. ಕೈಪಿಡಿ ಕೈಗೆ ಸಿಗುವ ಮುನ್ನವೇ ನಕ್ಷೆ ಮಾಡಬೇಕಾದರೆ, ಎರಡೂ ಪಕ್ಕಗಳಲ್ಲಿ ಎರಡೆರಡು ಇಂಚು, ಹಿಂದೆ ಎರಡರಿಂದ ನಾಲ್ಕು ಇಂಚು, ತಲೆಯ ಮೇಲೆ ಕಡಿಮೆಯೆಂದರೂ ನಾಲ್ಕು ಇಂಚು ಬಿಟ್ಟುಕೊಂಡರೆ ಸಾಮಾನ್ಯವಾಗಿ ತೊಂದರೆಯಾಗದು. ತಲೆಯ ಮೇಲಿನ ಜಾಗವನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಬಿಸಿಗಾಳಿ ಏರುವುದು ಮೇಲಕ್ಕೆ, ಮತ್ತು ನಾವು ಫ್ರಿಜ್‌ನ ನೆತ್ತಿಯ ಮೇಲೇ ಕಪಾಟು ಇಳಿಸುವವರು. ಕಪಾಟು ಬೇಕೇಬೇಕೆಂದಾದರೆ ಅದರ ಹಿಂಬದಿಗೂ ಗೋಡೆಗೂ ನಡುವೆ ಗಾಳಿ ಹಾಯುವ ಸಂದಿ ಉಳಿಸುವಂತೆ ಬಡಗಿಗೆ ಕೆಲಸ ಶುರುವಾಗುವ ಮುಂಚೆಯೇ ಹೇಳಬೇಕು.

ಹೊರಗಿನ ಗಾಳಿ ಎಷ್ಟು ಬಿಸಿಯೋ ಈ ಯಂತ್ರದ ದುಡಿಮೆ ಅಷ್ಟು ಕಠಿಣ. ಆದ್ದರಿಂದ ಒಲೆಯ ಮಗ್ಗುಲಲ್ಲಿ ಫ್ರಿಜ್ ಬೇಡ. ನಡುವೆ ಎರಡಡಿಯ ಕಟ್ಟೆಯಾದರೂ ಇರಲಿ. ಪಶ್ಚಿಮದ ಕಿಟಕಿಯಿಂದ ಇಳಿಬಿಸಿಲು ನೇರವಾಗಿ ಬೀಳುವ ಜಾಗವೂ ಒಳ್ಳೆಯದಲ್ಲ. ವಾಸ್ತು ನೋಡುವ ಮನೆಗಳಲ್ಲಿ ಒಲೆ ಆಗ್ನೇಯ ಮೂಲೆಗೆ ಹೋಗುತ್ತದೆ. ಒಲೆಯ ಸ್ಥಾನ ಹೀಗೆ ಮೊದಲೇ ಖಚಿತವಾಗುವುದರಿಂದ ಫ್ರಿಜ್‌ನ್ನು ಅದರಿಂದ ದೂರ ಇಡುವ ಲೆಕ್ಕ ಅಲ್ಲಿ ಸುಲಭವೇ. ಇನ್ನು ಕಲಬುರಗಿ, ರಾಯಚೂರುಗಳ ಕಡೆಯ ಕೇಳುಗರು ಒಂದು ಅಕ್ಷರವನ್ನು ಗಮನಿಸಬೇಕು. ಫ್ರಿಜ್‌ನ ವಿವರಗಳಿರುವ ಚೀಟಿಯಲ್ಲಿ ಹವಾಮಾನ ವರ್ಗವೆಂದು ಎನ್, ಎಸ್‌ಟಿ, ಟಿ ಎಂಬ ಗುರುತುಗಳಿರುತ್ತವೆ. ಎನ್ ಎಂದರೆ ಸುತ್ತಲಿನ ಉಷ್ಣತೆ 32 ಡಿಗ್ರಿ ಸೆಲ್ಸಿಯಸ್‌ವರೆಗೆ, ಎಸ್‌ಟಿ ಎಂದರೆ 38ರವರೆಗೆ, ಟಿ ಎಂದರೆ 43ರವರೆಗೆ ಕೆಲಸ ಮಾಡುವಂತೆ ತಯಾರಾದದ್ದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಟಿ ವರ್ಗದ್ದೇ ಬೇಕು. ಹಾಗಿದ್ದರೂ ಮೂರು ಕಡೆ ಮುಚ್ಚಿದ ಗೂಡಿನೊಳಗೆ ಅದನ್ನು ನಿಲ್ಲಿಸಿದರೆ ಆ ಗೂಡಿನ ಗಾಳಿ ಊರಿನ ಗಾಳಿಗಿಂತಲೂ ಬಿಸಿಯಾಗಿರುತ್ತದೆ ಎಂಬುದನ್ನು ಮರೆಯಬಾರದು. ಕರಾವಳಿ ಮತ್ತು ಮಲೆನಾಡಿನ ಕಷ್ಟ ಬೇರೆ. ಮಳೆಗಾಲದಲ್ಲಿ ನೀರು ಕುಡಿದು ನಿಲ್ಲುವ ಹೊರಗೋಡೆಗೆ ಒರಗಿಸಿದ ಫ್ರಿಜ್‌ನ ಬೆನ್ನು ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಒಳಗೋಡೆಯೇ ಸರಿ.

ಅಡುಗೆಮನೆ ಕಿರಿದಾಯಿತೆಂದು ಫ್ರಿಜ್‌ನ್ನು ಉಗ್ರಾಣಕ್ಕೆ ಸಾಗಿಸುವವರಿದ್ದಾರೆ. ಈಗ ಮನೆಬಳಕೆಯ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಐಸೊಬ್ಯುಟೇನ್ ಎಂಬ ಅನಿಲ. ಚೀಟಿಯ ಮೇಲೆ ಅದನ್ನು ಆರ್-600ಎ ಎಂದು ಬರೆದಿರುತ್ತಾರೆ. ಅದು ಓಜೋನ್ ಪದರಕ್ಕೆ ಹಾನಿ ಮಾಡುವುದಿಲ್ಲ, ಆದರೆ ಬೆಂಕಿ ಹೊತ್ತಿಕೊಳ್ಳಬಲ್ಲದು. ಇರುವುದು ಕೆಲವೇ ಹತ್ತಾರು ಗ್ರಾಂ. ಹಾಗಿದ್ದರೂ ಎಲ್ಲಾದರೂ ಸೋರಿದರೆ ತೆಳುವಾಗಿ ಹರಡಿಹೋಗಲು ಪ್ರತಿ 8 ಗ್ರಾಂ ಅನಿಲಕ್ಕೆ ಕೋಣೆಯಲ್ಲಿ ಒಂದು ಘನ ಮೀಟರ್‌ನಷ್ಟು ಗಾಳಿಯ ಜಾಗವಿರಬೇಕೆಂದು ಹಲವು ಕೈಪಿಡಿಗಳು ಹೇಳುತ್ತವೆ. ಕಿಟಕಿಯಿಲ್ಲದ, ಸದಾ ಬಾಗಿಲು ಮುಚ್ಚಿರುವ ಸಣ್ಣ ಉಗ್ರಾಣ ಈ ಯಂತ್ರಕ್ಕೆ ತಕ್ಕ ಜಾಗವಲ್ಲ.

ಇನ್ನು ಸಾಕೆಟ್ಟಿನ ವಿಷಯ. ಗೋಡೆ ಒಡೆಯುವ ಕೆಲಸ ಶುರುವಾದ ಮೊದಲ ವಾರದಲ್ಲೇ ಎಲೆಕ್ಟ್ರಿಷಿಯನ್ ಕೊಳವೆ ಹೂಳುತ್ತಾರೆ, ಆದ್ದರಿಂದ ಅಷ್ಟರೊಳಗೆ ಫ್ರಿಜ್‌ನ ಸ್ಥಾನ ತೀರ್ಮಾನವಾಗಿರಲೇಬೇಕು. ಸಾಕೆಟ್ ಫ್ರಿಜ್‌ನ ಬೆನ್ನಿಗೆ ಸರಿಯಾಗಿ ಬಂದರೆ ಚುಚ್ಚಿದ ಪ್ಲಗ್ಗು ಅದನ್ನು ಒಂದೆರಡು ಇಂಚು ಮುಂದಕ್ಕೆ ತಳ್ಳುತ್ತದೆ, ಮತ್ತು ಅವಘಡದ ಹೊತ್ತಿನಲ್ಲಿ ಸ್ವಿಚ್ಚು ಕೈಗೆ ಎಟುಕುವುದಿಲ್ಲ. ಪಕ್ಕದ ಕಟ್ಟೆಯ ಮೇಲ್ಭಾಗದಲ್ಲಿ, ನಿಂತವರಿಗೆ ಸಿಗುವ ಎತ್ತರದಲ್ಲಿ, ಭೂಸಂಪರ್ಕವಿರುವ ಪ್ರತ್ಯೇಕ ಸಾಕೆಟ್ ಹಾಕಿಸಿ. ಮಿಕ್ಸಿ, ಗ್ರೈಂಡರ್‌ಗಳ ಎಕ್ಸ್‌ಟೆನ್ಷನ್ ಬೋರ್ಡಿಗೆ ಫ್ರಿಜ್‌ನ್ನೂ ಸೇರಿಸಬೇಡಿ. ನೆಲ ತೊಳೆಯುವ ಅಭ್ಯಾಸವಿರುವ ಮನೆಗಳಲ್ಲಿ ತಂತಿ ನೆಲಕ್ಕೆ ತಾಗದಂತೆ ನೋಡಿಕೊಳ್ಳಿ.

ಅಳತೆಯ ಮಾತಿಗೆ ಬರೋಣ. ಸುಮಾರು 190 ಲೀಟರಿನ ಒಂದೇ ಬಾಗಿಲಿನ ಫ್ರಿಜ್ ಅಗಲದಲ್ಲಿ 55 ಸೆಂಟಿಮೀಟರಿನ ಆಸುಪಾಸು. ಅಕ್ಕಪಕ್ಕ ಎರಡು ಬಾಗಿಲಿರುವ ದೊಡ್ಡದು 90 ಸೆಂಟಿಮೀಟರಿನ ಆಸುಪಾಸು. ಇವತ್ತು ಚಿಕ್ಕದಿದ್ದರೂ ಹತ್ತು ವರ್ಷದ ಮೇಲೆ ದೊಡ್ಡದು ಬರಬಹುದು, ಗ್ರಾನೈಟ್ ಮಾತ್ರ ಹಿಗ್ಗುವುದಿಲ್ಲ. ಆದ್ದರಿಂದ ಜಾಗವಿದ್ದರೆ, ಎರಡೂ ಪಕ್ಕದ ಸಂದಿ ಸೇರಿಸಿ, ಮೂರೂವರೆ ಅಡಿಯಾದರೂ ಬಿಡಿ. ಅಳತೆಯನ್ನು ಟೈಲ್ಸ್ ಕೂರಿಸಿದ ಮೇಲೆ ಇನ್ನೊಮ್ಮೆ ತೆಗೆಯಬೇಕು, ಅದೂ ನೆಲಮಟ್ಟದಲ್ಲಿ, ನಡುವಿನಲ್ಲಿ, ತಲೆಯ ಎತ್ತರದಲ್ಲಿ ಹೀಗೆ ಮೂರು ಕಡೆ. ಗೋಡೆ ನೆಟ್ಟಗಿರುವುದು ಅಪರೂಪ, ನೆಲದಂಚಿನ ಪಟ್ಟಿ ಅರ್ಧ ಇಂಚನ್ನು ಕದಿಯುತ್ತದೆ. ನಮ್ಮ ತಾಯಿ ಪಟ್ಟ ಪಾಡು ಇಲ್ಲಿಯದು: ಕೀಲಿನ ಕಡೆ ಗೋಡೆಯಿದ್ದರೆ ಬಾಗಿಲು ತೊಂಬತ್ತು ಡಿಗ್ರಿಗಿಂತ ಹೆಚ್ಚು ತೆರೆಯುವಷ್ಟು ಅಂತರ ಬೇಕು, ಇಲ್ಲವೇ ಬಾಗಿಲನ್ನು ಎಡದಿಂದ ಬಲಕ್ಕೆ ಬದಲಾಯಿಸಬಲ್ಲ ಮಾದರಿ ಬೇಕು. ಎದುರಿನ ಕಟ್ಟೆಗೂ ಫ್ರಿಜ್‌ಗೂ ನಡುವೆ, ಬಾಗಿಲು ತೆರೆದು ಒಬ್ಬರು ಬಗ್ಗಿ ನಿಂತಾಗಲೂ ಇನ್ನೊಬ್ಬರು ಹಾದುಹೋಗುವಷ್ಟು ಜಾಗವಿರಲಿ.

1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಒಲೆ, ಸಿಂಕು ಮತ್ತು ಫ್ರಿಜ್‌ಗಳನ್ನು ಒಂದು ತ್ರಿಕೋನದ ಮೂರು ತುದಿಗಳಾಗಿ ಎಣಿಸಿ ಅಡುಗೆಮನೆಯನ್ನು ಯೋಜಿಸುವ ವಿಧಾನವನ್ನು ಪ್ರಚಾರಕ್ಕೆ ತಂದರು. ಮೂರೂ ಭುಜಗಳ ಒಟ್ಟು ಉದ್ದ 13 ಅಡಿಗಿಂತ ಕಡಿಮೆಯಾಗಬಾರದು, 26 ಅಡಿಯನ್ನು ಮೀರಬಾರದು ಎಂಬ ಸೂತ್ರವನ್ನು ಇಂದಿಗೂ ವಿನ್ಯಾಸಕಾರರು ಹೇಳುತ್ತಾರೆ. ಆ ಸೂತ್ರ ಅಲ್ಲಿನ ಅಡುಗೆಗೆ ಚೆನ್ನಾಗಿ ಒಪ್ಪುತ್ತದೆ. ನಮ್ಮಲ್ಲಿ ಹುಳಿ ಕುದಿಯುವಾಗ ಕೈ ಹೋಗುವುದು ಬೇಳೆಯ ಡಬ್ಬಿಗೆ, ಸಾಂಬಾರದ ಬಟ್ಟಲಿಗೆ, ಮಿಕ್ಸಿಗೆ. ಫ್ರಿಜ್ ಬೇಕಾಗುವುದು ಅಡುಗೆಗೆ ತೊಡಗುವ ಮುನ್ನ ತರಕಾರಿ, ಕೊತ್ತಂಬರಿ, ದೋಸೆಹಿಟ್ಟು ತೆಗೆಯಲು, ಮತ್ತು ಊಟದ ಹೊತ್ತಿಗೆ ಮೊಸರಿಗೆ. ಅಡುಗೆ ಮಾಡದವರೂ ದಿನಕ್ಕೆ ಹತ್ತು ಸಲ ಅದನ್ನು ತೆರೆಯುತ್ತಾರೆ. ನೀರಿಗೆ ಮಕ್ಕಳು, ಹಾಲಿಗೆ ಅಜ್ಜಿ. ಇವರು ಯಾರೂ ಬಿಸಿ ಬಾಣಲೆಯ ಮುಂದೆ ಹಾದು ಹೋಗಬಾರದು. ಹೀಗಾಗಿ ಅಡುಗೆಮನೆಯ ಬಾಗಿಲಿನ ಹತ್ತಿರ, ಊಟದ ಮೇಜಿಗೂ ಕಟ್ಟೆಗೂ ನಡುವೆ ಸಿಗುವ ಜಾಗವೇ ನಮ್ಮ ಮನೆಗಳಿಗೆ ಹೆಚ್ಚು ಒಪ್ಪುತ್ತದೆಂದು ನನ್ನ ಅಭಿಪ್ರಾಯ. ಬಾಗಿಲು ತೆರೆದುಕೊಳ್ಳುವ ಕಡೆಗೆ ಒಂದೂಕಾಲು ಅಡಿಯಷ್ಟಾದರೂ ಖಾಲಿ ಕಟ್ಟೆ ಇರಬೇಕು; ಹಿಟ್ಟು ತುಂಬಿದ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದವರು ಅದನ್ನು ತಕ್ಷಣ ಇಳಿಸುವುದು ಅಲ್ಲಿಯೇ.

ಜಾಗ ಗೊತ್ತಾದ ಮೇಲೆ ಅಲ್ಲಿಗೆ ಹೋಗುವ ದಾರಿಯನ್ನೂ ಅಳೆಯಿರಿ. ಎರಡೂವರೆ ಅಡಿಯ ಬಾಗಿಲೆಂದರೆ ಚೌಕಟ್ಟಿನೊಳಗೆ ಉಳಿಯುವುದು ಅದಕ್ಕಿಂತ ಕಡಿಮೆ. ಮೆಟ್ಟಿಲಿನ ತಿರುವು, ಲಿಫ್ಟಿನ ಎತ್ತರ ಇವನ್ನೂ ನೋಡಬೇಕು. ಹಳೆಯ ಫ್ರಿಜ್‌ನ್ನು ಸಾಗಿಸುವಾಗ ಮಲಗಿಸಬೇಡಿ. ಮಲಗಿಸಲೇಬೇಕಾಗಿ ಬಂದರೆ ಮತ್ತೆ ನಿಲ್ಲಿಸಿದ ಮೇಲೆ ಕಂಪ್ರೆಸರಿನ ಎಣ್ಣೆ ತನ್ನ ಜಾಗಕ್ಕೆ ಇಳಿಯಲು ಹಲವು ಗಂಟೆ ಬಿಟ್ಟು ಚಾಲೂ ಮಾಡಿ. ನಮ್ಮ ಅಡುಗೆಮನೆಗಳ ನೆಲ ನೀರು ಹರಿಯಲು ಇಳಿಜಾರಾಗಿರುತ್ತದೆ, ಆದ್ದರಿಂದ ಮುಂದಿನ ಕಾಲುಗಳ ತಿರುಪನ್ನು ತಿರುಗಿಸಿ, ಫ್ರಿಜ್ ಕೂದಲೆಳೆಯಷ್ಟು ಹಿಂದಕ್ಕೆ ವಾಲುವಂತೆ ನಿಲ್ಲಿಸಬೇಕು. ಹಾಗೆ ನಿಲ್ಲಿಸಿದಾಗ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ.

ಕೆಲಸದವರು ಬರುವ ಮೊದಲೇ ಇನ್ನೊಂದು ಪರೀಕ್ಷೆ ಮಾಡಿ. ಫ್ರಿಜ್‌ನ ಅಗಲ, ಆಳಕ್ಕೆ ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ, ಬಾಗಿಲು ತಿರುಗುವ ಕಮಾನನ್ನೂ ಸೀಮೆಸುಣ್ಣದಲ್ಲಿ ಬರೆದು, ಆ ಕಾಗದವನ್ನು ಎರಡು ದಿನ ನೆಲದ ಮೇಲೆಯೇ ಬಿಡಿ. ಮನೆಯವರೆಲ್ಲ ಅದನ್ನು ಸುತ್ತುಹಾಕಿ ಓಡಾಡಲಿ. ಕಾಗದವನ್ನು ಯಾರು ಎಲ್ಲಿ ತುಳಿದಿದ್ದಾರೆಂದು ನೋಡಿ, ಅದನ್ನು ಅರ್ಧ ಅಡಿ ಆಚೆಗೋ ಈಚೆಗೋ ಸರಿಸಿ, ಆಮೇಲೆ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

ನಮಸ್ಕಾರ.