ತೃಪ್ತಿ ಅಂತ ನಾನು ಹಾಕಿದ ಫೋಟೊ

ನಮಸ್ಕಾರ. ಇವತ್ತು ನನ್ನದೇ ಒಂದು ಹಳೇ ಪೋಸ್ಟಿನ ಮೇಲೆ ಜಗಳ ತೆಗೀತಿದ್ದೀನಿ. 2017ರಲ್ಲಿ, ಡಿಗ್ರಿ ಓದ್ತಿದ್ದಾಗ, ನಾವು ಹದಿನಾಲ್ಕು ಜನ ನೇಪಾಳದ ಗೋರ್ಖಾ ಜಿಲ್ಲೆಯ ಒಂದು ಹಳ್ಳಿಗೆ ಸೇವೆಗೆ ಅಂತ ಹೋಗಿದ್ವಿ, ಹದಿನೈದು ದಿನ. ತಗಡಿನ ಶೆಡ್ಡಿನ ಮುಂದೆ ನಗ್ತಾ ನಿಂತ ಒಬ್ಬ ಹೆಂಗಸಿನ ಫೋಟೊ ಹಾಕಿ ಬರೆದಿದ್ದೆ: "ಇವರ ಹತ್ರ ಏನೂ ಇಲ್ಲ, ಆದ್ರೂ ಎಷ್ಟು ತೃಪ್ತಿ!" ಲೈಕು ಸುರೀತು ಬಿಡಿ.

ಏನೂ ಇಲ್ಲ ಅಂದ್ನಲ್ಲ, ಯಾಕಿಲ್ಲ ಅಂತ ಬರೆದಿರಲಿಲ್ಲ. 2015ರ ಏಪ್ರಿಲ್ 25, ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕು ನಿಮಿಷ ಇದೆ ಅನ್ನುವಾಗ 7.8 ತೀವ್ರತೆಯ ಭೂಕಂಪ. ಕೇಂದ್ರ ಅದೇ ಜಿಲ್ಲೆಯ ಬಾರ್ಪಾಕ್ ಹತ್ರ. ಸುಮಾರು ಒಂಬತ್ತು ಸಾವಿರ ಜನ ಹೋದ್ರು. ಅವತ್ತು ಶನಿವಾರ, ನೇಪಾಳದಲ್ಲಿ ವಾರದ ರಜೆ, ಮಕ್ಕಳು ಶಾಲೇಲಿ ಇರಲಿಲ್ಲ. ಮಣ್ಣಿನ ಗಾರೆಯಲ್ಲಿ ಕಲ್ಲು ಕೂರಿಸಿದ್ದ ಮನೆಗಳು ಲಕ್ಷಗಟ್ಟಲೆ ಕುಸಿದ್ವು. ಮತ್ತೆ ಕಟ್ಟಿಕೊಳ್ಳೋಕೆ ಸರ್ಕಾರದ ನೆರವು 3 ಲಕ್ಷ ನೇಪಾಳಿ ರೂಪಾಯಿ. ನಮ್ಮ ದುಡ್ಡಲ್ಲಿ ಎರಡು ಲಕ್ಷಕ್ಕೂ ಕಮ್ಮಿ, ಅದೂ ಮೂರು ಕಂತಲ್ಲಿ.

ನಾವು ಕಟ್ಟಿದ್ದೇನು? ಕಲ್ಲು ಹೊತ್ವಿ, ಒಂದು ಗೋಡೆಗೂ ಕೈ ಹಾಕಿದ್ವಿ. ಸಂಜೆ ನಾವು ಹೋದ ಮೇಲೆ ಮೇಸ್ತ್ರಿ ಅದನ್ನ ಬಿಚ್ಚಿ, ನೆಟ್ಟಗೆ ಕಟ್ತಾ ಇದ್ದ ಅನ್ನೋದು ಮೂರನೇ ದಿನ ಗೊತ್ತಾಯ್ತು. ಪಾಪ, ಮುಖದ ಮೇಲೆ ಹೇಳಲಿಲ್ಲ.

ಊಟ ಮಾತ್ರ ಮರೆಯೋಕಾಗಲ್ಲ. ಕೋದೋ ಹಿಟ್ಟಿನ ಢಿಂಡೋ, ನಮ್ಮ ಮುದ್ದೆ ಥರದ್ದು. ಅಲ್ಲಿ ಕೋದೋ ಅಂದ್ರೆ ನಮ್ಮ ರಾಗಿ! ಜೊತೆಗೆ ಸೊಪ್ಪು ಹುಳಿ ಬರಿಸಿ ಒಣಗಿಸಿದ ಗುಂದ್ರುಕ್ ಸಾರು. ಮಂಡ್ಯದ ಹುಡುಗ ಅಗಿಯದೆ ನುಂಗಿದ್ದು ನೋಡಿ ದೀದಿ ಬಿದ್ದು ಬಿದ್ದು ನಕ್ರು. ಹೌದು, ಫೋಟೊದಲ್ಲಿದ್ದ ದೀದಿ. ದಾರೀಲಿ ಯಾರು ಸಿಕ್ಕಿದ್ರೂ ಅವರು ಕೇಳ್ತಿದ್ದಿದ್ದು "ಖಾನಾ ಖಾನುಭಯೋ?" ಊಟ ಆಯ್ತಾ ಅಂತ. ತಟ್ಟೆಗೆ ಬಡಿಸ್ತಾನೇ ಇರ್ತಿದ್ರು, "ಪುಗ್ಯೋ, ಪುಗ್ಯೋ" ಅಂತ ಕೈ ಅಡ್ಡ ಹಿಡೀಬೇಕು. ಸಾಕು ಅಂತ ಅರ್ಥ.

ಒಂದು ಸಂಜೆ ಅರೆಬರೆ ಹಿಂದಿಯಲ್ಲಿ ದೀದಿಗೆ ಹೇಳಿದೆ, "ನೀವೆಲ್ಲ ಎಷ್ಟು ನೆಮ್ಮದಿಯಾಗಿದ್ದೀರಿ!" ಅವರು ಪಾತ್ರೆ ತೊಳೀತಾ, "ಹಾಗಾದ್ರೆ ಇಲ್ಲೇ ಇರು ಭಾಯಿ, ಈ ತಗಡಿನ ಕೆಳಗೆ ಒಂದು ಮಳೆಗಾಲ ಕಳಿ" ಅಂದ್ರು. ನಗ್ತಾನೇ. ಗಂಡ ಕತಾರಿನಲ್ಲಿ. ಎರಡನೇ ಕಂತು ಬಂದಿಲ್ಲ. ಮಗಳನ್ನ ಪೇಟೆ ಶಾಲೆಗೆ ಸೇರಿಸಬೇಕು. ಊಟಕ್ಕೆ ಸಾಕು ಅನ್ನೋ ಹೆಂಗಸು ಇದ್ಯಾವುದಕ್ಕೂ ಸಾಕು ಅಂದಿರಲಿಲ್ಲ. ನಾನು ತೃಪ್ತಿ ಅಂತ ಹೆಸರಿಟ್ಟಿದ್ದು ಅವರು ಅತಿಥಿಗೆ ತೋರಿಸಿದ ಮರ್ಯಾದೆಗೆ.

ನಮ್ಮಲ್ಲೂ ನೋಡಿ, ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಮಾತನ್ನ ಯಾರಿಗೆ ಹೇಳ್ತೀವಿ? ಎರಡು ಸೈಟಿರೋನು ಮೂರನೇದಕ್ಕೆ ಅಡ್ವಾನ್ಸ್ ಕೊಟ್ರೆ ಜಾಣ. ಮನೆಗೆಲಸದಾಕೆ ಮಗಳನ್ನ ಇಂಗ್ಲಿಷ್ ಮೀಡಿಯಂಗೆ ಹಾಕಿದ್ರೆ, ಇವಳಿಗ್ಯಾಕೆ ಬೇಕಿತ್ತು! ನನ್ನ ಪೋಸ್ಟೂ ಅದೇ ಜಾತಿದು, ಸ್ವಲ್ಪ ಸಭ್ಯವಾಗಿತ್ತು ಅಷ್ಟೇ. ತೃಪ್ತಿಯ ಪಾಠ ಬೇಕಿದ್ದಿದ್ದು ನನಗೆ. ಹಳೇ ಫೋನ್ ಚೆನ್ನಾಗೇ ಇದ್ರೂ, ಆ ಫೋಟೊಗೋಸ್ಕರ ಹೊಸ ಫೋನ್ ತಗೊಂಡು ಹೋಗಿದ್ದೋನು ನಾನು.

ವಾಪಸ್ ಬರೋ ದಿನ ಕಾಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣ. ಪಕ್ಕದ ಸಾಲಲ್ಲಿ ನಮ್ಮದೇ ವಯಸ್ಸಿನ ಹುಡುಗರು, ಹಣೆ ತುಂಬ ಕೆಂಪು ಟೀಕಾ, ಕೊರಳಲ್ಲಿ ಚೆಂಡುಹೂವಿನ ಹಾರ. ಕೊಲ್ಲಿ ದೇಶಕ್ಕೆ, ಮಲೇಷ್ಯಾಕ್ಕೆ ಕೂಲಿಗೆ ಹೊರಟೋರು. ಒಬ್ಬ ಹತ್ರ ಬಂದು ಒಂದು ಫಾರ್ಮ್ ಚಾಚಿ, ತುಂಬಿಸಿಕೊಡ್ತೀರಾ ಅಂದ. ಬ್ಯಾಗಿನ ಮೇಲಿಟ್ಟುಕೊಂಡು ಬರೆದುಕೊಟ್ಟೆ. ಆ ಹದಿನೈದು ದಿನದಲ್ಲಿ ಅಲ್ಲಿಯವರು ತಾವಾಗೇ ಕೇಳಿ ನನ್ನಿಂದ ಮಾಡಿಸಿಕೊಂಡ ಸೇವೆ ಅದೊಂದೇ.