ಹೂ ಮುಟ್ಟಬಹುದಾದ ಉದ್ಯಾನ

ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆಯ ಉದ್ಯಾನಗಳ ಬಾಗಿಲಲ್ಲಿ ಮೊದಲು ಕಣ್ಣಿಗೆ ಬೀಳುವುದು ಹೂವಲ್ಲ, ಹಲಗೆ. ಹೂ ಕೀಳಬಾರದು, ಗಿಡ ಮುಟ್ಟಬಾರದು, ಹುಲ್ಲಿನ ಮೇಲೆ ಕಾಲಿಡಬಾರದು. ಸಾರ್ವಜನಿಕ ಜಾಗ ಹಾಳಾಗದಿರಲು ಇಂಥ ಮಾತು ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಸುತ್ತಲಿನ ಲೋಕವನ್ನು ಕೈಯಿಂದ, ಮೂಗಿನಿಂದ, ಒಮ್ಮೊಮ್ಮೆ ನಾಲಿಗೆಯಿಂದಲೂ ತಿಳಿದುಕೊಳ್ಳುವ ಜನ ನಮ್ಮ ನಡುವೆ ಇದ್ದಾರೆ. ಅವರಿಗೆ ಆ ಹಲಗೆಯೂ ಒಂದೇ, ಮುಚ್ಚಿದ ಬಾಗಿಲೂ ಒಂದೇ. ಕಾವಲುಗಾರನ ಸೀಟಿ ಕೇಳಿದೊಡನೆ ತಾಯಿ ಮಗನ ಕೈ ಹಿಡಿದು ಹೊರಗೆ ನಡೆಯುತ್ತಾಳೆ. ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಶಿವಮೊಗ್ಗದ ಅಂಚಿನಲ್ಲಿ ಕೆಲವು ಪೋಷಕರು ಸೇರಿ ಕೆಲವೇ ಗುಂಟೆ ಜಾಗದಲ್ಲಿ ಬೇರೆ ಬಗೆಯ ಉದ್ಯಾನವೊಂದನ್ನು ಮಾಡಿದ್ದಾರೆ. ಬೌದ್ಧಿಕ ವಿಕಲತೆ ಇರುವವರು ಒಳಗೆ ಬಂದು ಮುಟ್ಟಿ, ಮೂಸಿ, ಕೇಳಿ, ಬೇಕೆನಿಸಿದರೆ ಸುಮ್ಮನೆ ಕುಳಿತು ಹೋಗಬಹುದಾದ ಜಾಗ ಅದು. ಬರುವ ಭಾನುವಾರ ತೆರೆಯುತ್ತದೆ. ನಾನು ವೈದ್ಯನಲ್ಲ, ತೋಟಗಾರಿಕೆಯವನು. ಯಾವ ಗಿಡ ಎಲ್ಲಿರಬೇಕು ಎಂದು ಹೇಳಲು ನನ್ನನ್ನು ಕರೆದಿದ್ದರು.

ಇದು ಮಕ್ಕಳಿಗೆ ಮಾತ್ರ ಎಂದುಕೊಳ್ಳಬೇಡಿ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ವಿಕಲತೆ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. 18 ತುಂಬಿದ ಮರುದಿನದಿಂದ? ಬಹುಪಾಲು ಮಂದಿಗೆ ಮನೆಯ ಜಗಲಿಯೇ ಗತಿ. ಮೂವತ್ತು, ನಲವತ್ತು ವರ್ಷದ ಗಂಡಸರು, ಹೆಂಗಸರು ಹಾಗೆ ಕುಳಿತಿದ್ದಾರೆ. ಅವರನ್ನು ಜಾರುಬಂಡೆ, ಉಯ್ಯಾಲೆಗಳ ನಡುವೆ ಬಿಟ್ಟರೆ ಅವರಿಗೂ ಅವಮಾನ, ಸುತ್ತಲಿನವರಿಗೂ ಮುಜುಗರ. ಸಾಂಸ್ಕೃತಿಕ ಬದುಕು ಮತ್ತು ಮನರಂಜನೆಯಲ್ಲಿ ಎಲ್ಲರಂತೆ ಪಾಲುಗೊಳ್ಳುವ ಹಕ್ಕನ್ನು ಅದೇ ಕಾಯ್ದೆಯ 29ನೇ ಕಲಂ ಹೇಳುತ್ತದೆ. ಕಾಗದದ ಮೇಲಿರುವ ಆ ಮಾತಿಗೆ ಒಂದಿಷ್ಟು ನೆಲ ಬೇಕಲ್ಲ.

ಗಿಡಗಳ ವಿಷಯದಲ್ಲಿ ಮಲೆನಾಡಿನವರು ಪುಣ್ಯವಂತರು, ಹಿತ್ತಲಲ್ಲೇ ಅರ್ಧ ಉದ್ಯಾನ ಇರುತ್ತದೆ. ದೊಡ್ಡಪತ್ರೆಯ ಎಲೆ ದಪ್ಪ, ಮೇಲೆ ಮೃದುವಾದ ರೋಮ, ಹಿಸುಕಿದರೆ ಓಮದ ಘಾಟು. ಪಚ್ಚೆತೆನೆ, ಮರುಗ, ದವನ ಕೈ ಸವರಿದರೆ ಸಾಕು. ಲಾವಂಚದ ಬೇರಿಗೆ ನೀರು ಚಿಮುಕಿಸಿದರೇ ಪರಿಮಳ. ಮಜ್ಜಿಗೆ ಹುಲ್ಲಿನ ಅಂಚು ಬೆರಳನ್ನು ಕೊಯ್ಯುತ್ತದೆ, ಹಾಗಾಗಿ ಅದು ದಾರಿಯಿಂದ ಎರಡಡಿ ಹಿಂದೆ. ರಂಜದ ಹೂ ಉದುರಿ ಒಣಗಿದ ಮೇಲೂ ವಾಸನೆ ಬಿಡದು, ಆರಿಸಿ ಕಿಸೆಗೆ ಹಾಕಿಕೊಳ್ಳುವವರಿಗೆ ಅದಕ್ಕಿಂತ ಒಳ್ಳೆಯ ಮರವಿಲ್ಲ. ನಾವೆಲ್ಲ ಕಿತ್ತೆಸೆಯುವ ಮುಟ್ಟಿದರೆ ಮುನಿಗೂ ಇಲ್ಲಿ ಗೌರವದ ಸ್ಥಾನವಿದೆ. ಮಾತಿಗೆ ಪ್ರತಿಕ್ರಿಯೆ ಸಿಗದೆ ಬೆಳೆದ ಮನುಷ್ಯನ ಬೆರಳಿಗೆ ಒಂದು ಗಿಡ ಆ ಕ್ಷಣದಲ್ಲೇ ಓಗೊಡುವುದು ಸಣ್ಣ ವಿಷಯವಲ್ಲ. ಕಾಂಡದಲ್ಲಿ ಮುಳ್ಳಿರುವುದರಿಂದ ಅದನ್ನು ಕುಂಡದಲ್ಲಿಟ್ಟು, ಒಬ್ಬರು ಜೊತೆಗಿರುವಾಗ ಮುಟ್ಟಿಸುತ್ತಾರೆ.

ಇಷ್ಟು ಕೇಳಿ, ಪರಿಮಳದ ಗಿಡಗಳನ್ನೆಲ್ಲ ಒಟ್ಟುಗೂಡಿಸಿ ಗಾಳಿಗಂಟೆ ತೂಗುಹಾಕಿದರೆ ಆಯಿತು ಎಂದುಕೊಳ್ಳುವವರಿದ್ದಾರೆ. ಅದು ತಪ್ಪು. ಆಟಿಸಂ ಇರುವ ಅನೇಕರಿಗೆ ವಾಸನೆ, ಸದ್ದು, ಬೆಳಕು ನಮಗೆ ತಾಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ತಾಗುತ್ತವೆ. ನಮಗೆ ಹಿತವಾದ ಸಂಪಿಗೆ ಅವರಿಗೆ ತಲೆ ಸಿಡಿಸಬಹುದು. ಬೇಡವೆನಿಸಿದಾಗ ದೂರ ಸರಿಯಲು ಆಗಬೇಕು. ಅದಕ್ಕಾಗಿ ಒಂದು ಪರಿಮಳಕ್ಕೂ ಇನ್ನೊಂದಕ್ಕೂ ನಡುವೆ ಬರೀ ಹಸಿರು ಬಿಟ್ಟಿದ್ದೇವೆ. ಕೊನೆಯಲ್ಲಿ ಹೂವೂ ಗಂಟೆಯೂ ಇಲ್ಲದ ಒಂದು ಸಣ್ಣ ಚಾವಡಿ. ಅದಕ್ಕೆ ತಗಡು ಹೊದಿಸುವ ಮಾತು ಬಂದಿತ್ತು. ಆಷಾಢದ ಮಳೆ ತಗಡಿನ ಮೇಲೆ ಬಿದ್ದರೆ ಏನಾಗುತ್ತದೆಂದು ಮಲೆನಾಡಿನವರಿಗೆ ಹೇಳಬೇಕೆ? ಹೆಂಚು ಹೊದಿಸಿ, ಮೇಲೆ ಅಡಿಕೆ ಸೋಗೆ ಹಾಕಿದೆವು.

ನಿಜವಾದ ತಲೆನೋವು ಮಳೆಯೇ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಸುರಿಯುತ್ತದೆ, ಶಿವಮೊಗ್ಗ ನಗರಕ್ಕೆ ಬೀಳುವುದು ಅದರ ಸಣ್ಣ ಪಾಲು. ಪಾಚಿ ಕಟ್ಟಲು ಅಷ್ಟೇ ಸಾಕು. ಚೆಂದಕ್ಕೆಂದು ಜಂಬಿಟ್ಟಿಗೆ ಕಲ್ಲು ಹಾಸಿದ ದಾರಿ ಜುಲೈ ಹೊತ್ತಿಗೆ ಎಣ್ಣೆ ಸವರಿದಂತಾಗುತ್ತದೆ. ಆದ್ದರಿಂದ ಜಂಬಿಟ್ಟಿಗೆ ಮಡಿಗಳ ಕಟ್ಟೆಗೆ ಮಾತ್ರ. ದಾರಿಗೆ ಕಡ್ಡಿಪೊರಕೆಯಿಂದ ಗೀರು ಎಳೆದ ಕಾಂಕ್ರೀಟ್, ಗಾಲಿಕುರ್ಚಿ ತಿರುಗುವಂತೆ ಐದಡಿ ಅಗಲ, ಏರು ಇರುವಲ್ಲಿ ಹನ್ನೆರಡು ಅಡಿ ಉದ್ದಕ್ಕೆ ಒಂದಡಿಗಿಂತ ಹೆಚ್ಚು ಎತ್ತರವಿಲ್ಲ. ಇಷ್ಟಾದರೂ ಮಳೆಗಾಲದಲ್ಲಿ ಯಾರಾದರೂ ವಾರಕ್ಕೊಮ್ಮೆ ದಾರಿಯನ್ನು ತಿಕ್ಕಲೇಬೇಕು. ಆ ಕೂಲಿಗೆ ದುಡ್ಡು ಎಲ್ಲಿಂದ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಉದ್ಘಾಟನೆಗೆ ದಾನಿಗಳು ಸಿಗುತ್ತಾರೆ, ಪಾಚಿ ತಿಕ್ಕುವುದಕ್ಕೆ ಸಿಗುವುದು ಕಷ್ಟ.

ಬಾಗಿಲ ಬಗ್ಗೆಯೂ ಚರ್ಚೆಯಾಯಿತು. ದನ ನುಗ್ಗದಂತೆ ನಮ್ಮಲ್ಲಿ ದಣಪೆ ಇಡುವುದು ರೂಢಿ. ದಾಟಲು ಕಾಲೆತ್ತಬೇಕು, ಗಾಲಿಕುರ್ಚಿಗೆ ಅದು ಗೋಡೆಯೇ. ಇತ್ತ, ಥಟ್ಟನೆ ರಸ್ತೆಗೆ ಓಡಿಬಿಡುವವರೂ ಬರುತ್ತಾರೆ. ತಾನಾಗಿ ಮುಚ್ಚಿಕೊಳ್ಳುವ ಅಗಲವಾದ ಎರಡು ಬಾಗಿಲುಗಳನ್ನು ಒಂದರ ಹಿಂದೆ ಒಂದರಂತೆ ಇಟ್ಟಿದ್ದೇವೆ. ಸ್ವಲ್ಪ ಖರ್ಚಾಯಿತು, ಆದರೆ ಜೊತೆಗೆ ಬಂದ ತಾಯಿ ಅರ್ಧ ಗಂಟೆ ಕಾವಲು ಕಾಯದೆ ಕೂರಬಹುದು.

ವಿಷದ ಗಿಡಗಳ ಮಾತು ಬಿಡುವಂತಿಲ್ಲ. ರಸ್ತೆ ವಿಭಜಕಗಳಲ್ಲಿ ಸಾಲಾಗಿ ಅರಳುವ ಕಣಗಿಲೆ ಎಲೆಯಿಂದ ಬೇರಿನವರೆಗೂ ವಿಷ. ಉಮ್ಮತ್ತಿ, ಕೆಂಪು ಕಪ್ಪಿನ ಚೆಲುವೆ ಗುಲಗಂಜಿ, ಹರಳು, ಹಸಿಯಾಗಿ ಕಚ್ಚಿದರೆ ಬಾಯೆಲ್ಲ ತುರಿಸುವ ಕೆಸು, ಯಾವುದಕ್ಕೂ ಪ್ರವೇಶವಿಲ್ಲ. ದಾನಿಗಳು ಪ್ರೀತಿಯಿಂದ ತಂದ ಶೋಗಿಡಗಳಲ್ಲಿ ಕೆಲವನ್ನು ಕೈ ಮುಗಿದು ಹಿಂದಕ್ಕೆ ಕೊಟ್ಟೆ, ಬೇಸರ ಮಾಡಿಕೊಂಡವರು ಇದನ್ನು ಕೇಳುತ್ತಿದ್ದರೆ ಕ್ಷಮಿಸಲಿ. ಎಲೆ ಬಾಯಿಗೆ ಹೋಗುವ ಜಾಗದಲ್ಲಿ ಕೀಟನಾಶಕವೂ ಇಲ್ಲ. ಪಕ್ಕದ ಅಡಿಕೆ ತೋಟದವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಮುಂಚೆಯೇ ಹೇಳುತ್ತೇವೆ ಎಂದಿದ್ದಾರೆ. ಮೈಲುತುತ್ತದ ಹನಿ ಗಾಳಿಗೆ ತೇಲಿ ಬರುತ್ತದೆ, ಆ ದಿನ ಉದ್ಯಾನಕ್ಕೆ ರಜೆ. ಮತ್ತೆ ತೆರೆಯುವ ಮುನ್ನ ಅಂಚಿನ ಮಡಿಗಳ ಎಲೆಗಳನ್ನೆಲ್ಲ ತೊಳೆಯಬೇಕು.

ಇನ್ನು ಭಾನುವಾರದ ಸಂಗತಿ. ವಾಲಗ, ಧ್ವನಿವರ್ಧಕ, ಪಟಾಕಿ, ಶಾಮಿಯಾನ ಯಾವುದೂ ಇಲ್ಲ. ಯಾರಿಗಾಗಿ ಉದ್ಯಾನವೋ ಅವರೇ ಕಿವಿ ಮುಚ್ಚಿಕೊಂಡು ಓಡುವಂಥ ಉದ್ಘಾಟನೆ ಎಂಥದ್ದು? ಅತಿಥಿಗಳು ಬೇಡವೆಂದಲ್ಲ, ನಾಳೆ ಅನುದಾನ ಕೇಳಲು ಅವರ ಬಳಿಗೇ ಹೋಗಬೇಕು! ಅವರ ಸಭೆ, ಹಾರ, ಭಾಷಣ ಶನಿವಾರವೇ ಪಕ್ಕದ ಸಭಾಂಗಣದಲ್ಲಿ ಮುಗಿಯುತ್ತದೆ. ಭಾನುವಾರ ನಾಲ್ಕೈದು ಕುಟುಂಬಗಳಂತೆ, ಗಂಟೆಗೊಂದು ಗುಂಪು. ಬಾಗಿಲು, ದಾರಿ, ಚಾವಡಿ, ಶೌಚಾಲಯ ಹೇಗಿವೆ ಎಂದು ತೋರಿಸುವ ಚಿತ್ರಗಳನ್ನು ಮುಂಚೆಯೇ ಮನೆಗಳಿಗೆ ಕಳಿಸಿದ್ದಾರೆ. ಹೊಸ ಜಾಗವೆಂದರೆ ಹೆದರುವವರು ಚಿತ್ರ ನೋಡಿ ನೋಡಿ ಪರಿಚಯ ಮಾಡಿಕೊಂಡಿರುತ್ತಾರೆ.

ಸಾಗರ, ಹೊಸನಗರದ ಒಳಹಳ್ಳಿಗಳಿಂದ ಇಲ್ಲಿಗೆ ಬರುವುದು ಸುಲಭವಲ್ಲ ಎಂದು ಬಲ್ಲೆ. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಹೇಳಿ, ಕೆಲವು ಮನೆಯವರು ಸೇರಿದರೆ ಒಂದು ವಾಹನ ಮಾಡಿಕೊಳ್ಳಬಹುದು. ಅದೂ ಆಗದಿದ್ದರೆ ಮನೆಯಲ್ಲೇ ಒಂದು ಮಡಿ ಕಟ್ಟಿ. ಎತ್ತರ ಎರಡರಿಂದ ಎರಡೂವರೆ ಅಡಿ, ಒಂದೇ ಕಡೆಯಿಂದ ಕೈಗೆ ಎಟುಕಬೇಕಾದ್ದರಿಂದ ಅಗಲ ಎರಡಡಿ ದಾಟದಿರಲಿ. ತಳದಲ್ಲಿ ನೀರು ಬಸಿಯಲು ಇಟ್ಟಿಗೆ ಚೂರು, ಮೇಲೆ ಕೆಮ್ಮಣ್ಣು, ಹಟ್ಟಿಗೊಬ್ಬರ. ದೊಡ್ಡಪತ್ರೆಯ ಟೊಂಗೆ ಮುರಿದು ಚುಚ್ಚಿದರೆ ಬೇರು ಬಿಡುತ್ತದೆ. ಚುಚ್ಚುವ ಕೆಲಸವನ್ನು ಅವರ ಕೈಯಿಂದಲೇ ಮಾಡಿಸಿ, ತಲೆಕೆಳಗಾಗಿ ನೆಟ್ಟರೆ ತಿದ್ದಲು ಆತುರಪಡಬೇಡಿ. ಒಂದಿಷ್ಟು ಟೊಂಗೆ ಹೆಚ್ಚಾಗಿಯೇ ಮುರಿದಿಟ್ಟುಕೊಂಡಿರಿ.

ನಮಸ್ಕಾರ.