ಮೌತ್ ಆರ್ಗನ್ ಕಲಿಯುವವರು ಯಾರನ್ನು ಕೇಳಬೇಕು?

ನಮಸ್ಕಾರ. ಮೌತ್ ಆರ್ಗನ್ ಕಲಿಯಬೇಕೆಂದಿರುವವರು ಸಾಮಾನ್ಯವಾಗಿ ವಿಚಾರಿಸುವುದು ಯಾವ ಕಂಪನಿಯ ವಾದ್ಯವನ್ನು ಕೊಳ್ಳಬೇಕು ಎಂದು. ಯಾರ ವಾದನವನ್ನು ಕೇಳಬೇಕು ಎಂದು ವಿಚಾರಿಸುವವರು ಕಡಿಮೆ. ನನಗೆ ಎರಡನೆಯ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಉತ್ತರ ಹೇಳಬೇಕಾದರೆ ನಿಮ್ಮ ಕೈಯಲ್ಲಿರುವ ವಾದ್ಯ ಯಾವ ಬಗೆಯದೆಂದು ಮೊದಲು ತಿಳಿಯಬೇಕು.

ನಮ್ಮಲ್ಲಿ ಹಲವರ ಕಿವಿಗೆ ಈ ನಾದ ಮೊದಲು ಬಿದ್ದದ್ದು ಹಿಂದಿ ಚಲನಚಿತ್ರಗಳಿಂದ. 1958ರ ‘ಸೋಲ್ವಾ ಸಾಲ್’ ಚಿತ್ರದ ‘ಹೈ ಅಪ್ನಾ ದಿಲ್ ತೋ ಆವಾರಾ’ ಹಾಡಿಗೆ ಮೌತ್ ಆರ್ಗನ್ ನುಡಿಸಿದವರು ಆಗಿನ್ನೂ ತರುಣರಾಗಿದ್ದ ರಾಹುಲ್ ದೇವ್ ಬರ್ಮನ್. 1975ರ ‘ಶೋಲೆ’ಯಲ್ಲಿ ಅಮಿತಾಭ್ ಬಚ್ಚನ್ ತುಟಿಗಿಟ್ಟ ವಾದ್ಯದ ಹಿಂದಿನ ಉಸಿರು ಭಾನು ಗುಪ್ತ ಅವರದು. ಅಂಥ ಹಾಡುಗಳ ಆಸೆಯಿಂದ ಅಂಗಡಿಗೆ ಹೋದವರ ಮುಂದೆ ಮೂರು ಬಗೆಯ ವಾದ್ಯಗಳಿರುತ್ತವೆ. ಟ್ರೆಮೊಲೊದಲ್ಲಿ ಒಂದೊಂದು ಸ್ವರಕ್ಕೂ ಉಸಿರಿಗೆ ಕಂಪಿಸುವ ಸಣ್ಣ ಲೋಹದ ಪಟ್ಟಿಗಳಾದ ಎರಡೆರಡು ರೀಡ್‌ಗಳಿದ್ದು, ಅವುಗಳ ಶ್ರುತಿಯಲ್ಲಿ ಬೇಕೆಂದೇ ಇಟ್ಟ ಸಣ್ಣ ವ್ಯತ್ಯಾಸದಿಂದ ನಾದ ಅಲೆಯಲೆಯಾಗಿ ಬರುತ್ತದೆ. ಕ್ರೊಮ್ಯಾಟಿಕ್‌ನ ಬದಿಯಲ್ಲೊಂದು ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಸ್ವರ ಅರ್ಧ ಸ್ಥಾನ ಮೇಲೇರುವುದರಿಂದ ಹನ್ನೆರಡು ಸ್ವರಸ್ಥಾನಗಳೂ ಸಿಗುತ್ತವೆ. ಮೂರನೆಯದು ಅಂಗೈಯಲ್ಲಿ ಅಡಗುವ ಹತ್ತು ರಂಧ್ರಗಳ ಡಯಾಟೋನಿಕ್. ಈಗ ತೆರೆಯ ಮೇಲೆ ಕಾಣುತ್ತಿರುವ, ಸಿ ಶ್ರುತಿಯ ನನ್ನ ವಾದ್ಯ ಈ ಬಗೆಯದು.

ಇದರ ಸ್ವರವಿನ್ಯಾಸವನ್ನು ನಮ್ಮ ಸಂಗೀತದ ಪರಿಭಾಷೆಯಲ್ಲಿ ಹೇಳಿದರೆ ಬೇಗ ಮನಸ್ಸಿಗೆ ಹತ್ತುತ್ತದೆ. ನಾಲ್ಕನೆಯ ರಂಧ್ರವನ್ನು ಊದಿದರೆ ಷಡ್ಜ, ಉಸಿರೆಳೆದರೆ ರಿಷಭ. ಐದರಲ್ಲಿ ಗಾಂಧಾರ, ಮಧ್ಯಮ. ಆರರಲ್ಲಿ ಪಂಚಮ, ಧೈವತ. ಏಳರಲ್ಲಿ ಮಾತ್ರ ಕ್ರಮ ತಿರುಗಿ, ಮೊದಲು ಉಸಿರೆಳೆದು ನಿಷಾದವನ್ನು ನುಡಿಸಿ ಬಳಿಕ ಊದಿ ತಾರಷಡ್ಜವನ್ನು ಮುಟ್ಟಬೇಕು. ಶಂಕರಾಭರಣದ ಆರೋಹಣ ಅಲ್ಲಿಗೆ ಮುಗಿಯಿತು. ಆದರೆ ಕೆಳಗಿನ ಸ್ಥಾಯಿಯಲ್ಲಿ ಮಧ್ಯಮವೂ ಇಲ್ಲ, ಧೈವತವೂ ಇಲ್ಲ. ಊದಿದಾಗ ಸ-ಗ-ಪ, ಎಳೆದಾಗ ಪ-ನಿ-ರಿ ಒಟ್ಟಿಗೆ ನುಡಿದು ಹಾಡಿಗೆ ಮೇಳ ಕೂಡಿಸಲೆಂದೇ ಆ ಎರಡು ಸ್ವರಗಳನ್ನು ಬಿಟ್ಟಿದ್ದಾರೆ.

ಬಿಟ್ಟುಹೋದ ಸ್ವರಗಳನ್ನು ಬಾಯಿಯಿಂದಲೇ ಹೊರಡಿಸುವ ವಿದ್ಯೆಗೆ ಬೆಂಡ್ ಎನ್ನುತ್ತಾರೆ. ಮೂರನೆಯ ರಂಧ್ರದಲ್ಲಿ ಉಸಿರೆಳೆಯುತ್ತ ನಾಲಗೆಯ ಹಿಂಭಾಗವನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೂ ಕೆಳಕ್ಕೂ ಸರಿಸಿದರೆ ಕಾಕಲಿ ನಿಷಾದ ಅರ್ಧ ಸ್ಥಾನ ಜಾರಿ ಕೈಶಿಕಿ ನಿಷಾದವಾಗುತ್ತದೆ, ಅಲ್ಲಿಂದ ಚತುಶ್ರುತಿ ಧೈವತ, ಕೊನೆಗೆ ಶುದ್ಧ ಧೈವತ. ಬಾಯೊಳಗಿನ ಅವಕಾಶ ಬದಲಾದಾಗ ಆ ರಂಧ್ರದ ಎರಡೂ ರೀಡ್‌ಗಳು ಸೇರಿ ಕಂಪಿಸುವುದರಿಂದ ಹೀಗಾಗುತ್ತದೆ, ಬಲವಾಗಿ ಎಳೆಯುವುದರಿಂದಲ್ಲ. ಹೊಸಬರಿಗೆ ಎರಡನೆಯ ರಂಧ್ರ ಉಸಿರೆಳೆದಾಗ ಕಟ್ಟಿಕೊಂಡಂತೆ ನರಳುವುದೂ ಬಹುಮಟ್ಟಿಗೆ ಅರಿವಿಲ್ಲದೆ ಹೀಗೆ ಬೆಂಡ್ ಆಗುವುದರಿಂದಲೇ. ರೀಡ್ ಕೆಟ್ಟಿದೆಯೆಂದು ಅಂಗಡಿಗೆ ಮರಳಿಸುವ ಮೊದಲು ದವಡೆಯನ್ನು ಸಡಿಲಿಸಿ, ಹೊಟ್ಟೆಯಿಂದ ನಿಧಾನವಾಗಿ ಉಸಿರೆಳೆದು ನೋಡಿ.

ಜರ್ಮನಿಯ ಟ್ರೋಸಿಂಗನ್ ಊರಿನ ಹೋನರ್ ಕಂಪನಿ 1896ರಲ್ಲಿ ಹೊರತಂದ ಮರೀನ್ ಬ್ಯಾಂಡ್‌ನಂಥ ಅಗ್ಗದ ವಾದ್ಯಗಳು ಅಮೆರಿಕದ ದಕ್ಷಿಣ ಭಾಗದ ಕಪ್ಪು ಸಂಗೀತಗಾರರ ಕೈಸೇರಿದ ಮೇಲೆ ಈ ವಿದ್ಯೆ ಬೆಳೆಯಿತು. ಸಿ ವಾದ್ಯದಲ್ಲಿ ಅವರು ಜಿ ಶ್ರುತಿಯನ್ನು ನುಡಿಸಿದರು, ಎಂದರೆ ಪಂಚಮವನ್ನೇ ಷಡ್ಜವಾಗಿಸಿಕೊಂಡರು. ನಮ್ಮವರಿಗೆ ಇದು ಗ್ರಹಭೇದವಲ್ಲದೆ ಬೇರೇನೂ ಅಲ್ಲ: ಶಂಕರಾಭರಣದ ಪಂಚಮದಿಂದ ಹೊರಟರೆ ಹರಿಕಾಂಭೋಜಿ, ರಿಷಭದಿಂದ ಹೊರಟರೆ ಖರಹರಪ್ರಿಯ. ಇವೆರಡಕ್ಕೆ ಅವರಿಟ್ಟ ಸೆಕೆಂಡ್ ಪೊಸಿಷನ್, ಥರ್ಡ್ ಪೊಸಿಷನ್ ಎಂಬ ಹೆಸರುಗಳಿಗೆ ಹೆದರಬೇಕಾದ್ದೇನೂ ಇಲ್ಲ.

ಆದ್ದರಿಂದ ಹತ್ತು ರಂಧ್ರದ ವಾದ್ಯವಿರುವವರು ಮೊದಲು ಕೇಳಬೇಕಾದವರು ಆ ಕಪ್ಪು ಸಂಗೀತಗಾರರ ಬ್ಲೂಸ್ ಶೈಲಿಯ ವಾದಕರು. ನಾನು ಆರಂಭಿಸಲು ಹೇಳುವ ಹೆಸರು ಸನ್ನಿ ಟೆರ್ರಿ. ಕಣ್ಣು ಕಾಣದ ಈ ವಾದಕರು 1938ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ್ದರು. ಸ್ವರಗಳ ನಡುವೆ ಅವರು ಕೂಗು ಹಾಕುವ ರೀತಿಯನ್ನು ಗಮನಿಸಿದರೆ, ಉಸಿರಾಟವೇ ಲಯವಾಗುವುದು ಹೇಗೆಂದು ತಿಳಿಯುತ್ತದೆ. ಅವರಾದ ಬಳಿಕ ಲಿಟಲ್ ವಾಲ್ಟರ್. 1952ರಲ್ಲಿ ಶಿಕಾಗೋದಲ್ಲಿ ಮುದ್ರಣಗೊಂಡ ಅವರ ‘ಜೂಕ್’ ಗಾಯನವೇ ಇಲ್ಲದ ಕೃತಿ. ಮೈಕನ್ನೂ ವಾದ್ಯವನ್ನೂ ಒಟ್ಟಿಗೆ ಅಂಗೈಯಲ್ಲಿ ಮುಚ್ಚಿ, ಆಂಪ್ಲಿಫೈಯರ್ ಮೂಲಕ ಅವರು ತೆಗೆದ ನಾದ ಸ್ಯಾಕ್ಸೊಫೋನಿನಷ್ಟು ದಪ್ಪ. ಆದರೆ ಅದನ್ನು ನುಡಿಸಿರುವುದು ಎ ಶ್ರುತಿಯ ವಾದ್ಯದಲ್ಲಿ. ನಿಮ್ಮ ಸಿ ವಾದ್ಯದಲ್ಲಿ ಜೊತೆಗೂಡಿದರೆ ಶ್ರುತಿ ಸೇರುವುದಿಲ್ಲ. ಅದಕ್ಕೆ ಕಿವಿಯನ್ನು ದೂರಬೇಡಿ. ವೇಗವನ್ನು ಅರ್ಧಕ್ಕಿಳಿಸಿ, ಮೊದಲ ಪಲ್ಲವಿಯಷ್ಟನ್ನೇ ಬಾಯಲ್ಲಿ ಗುನುಗುವಷ್ಟು ಕೇಳಿ, ಆಮೇಲೆ ನಿಮ್ಮ ಶ್ರುತಿಯಲ್ಲಿ ಹುಡುಕಿ.

ಬೆಲ್ಜಿಯಮ್ಮಿನ ಟೂಟ್ಸ್ ಥೀಲಮನ್ಸ್ ಅವರನ್ನು ಎಲ್ಲರೂ ಶಿಫಾರಸು ಮಾಡುತ್ತಾರೆ. ಅವರ ವಾದನದ ಮೃದುತ್ವಕ್ಕೆ ನಾನೂ ಸೋತವನೇ. ಆದರೆ ಅವರು ಜ್ಯಾಸ್ ನುಡಿಸಿದ್ದು ಕ್ರೊಮ್ಯಾಟಿಕ್‌ನಲ್ಲಿ. ಅವರನ್ನು ಸಂತೋಷಕ್ಕಾಗಿ ಕೇಳಿ. ಹತ್ತು ರಂಧ್ರದಲ್ಲಿ ಅನುಕರಿಸಲು ಕುಳಿತರೆ ಸಿಗುವುದು ಬೇಸರವೇ. ಅದೇ ಚಿಕ್ಕ ವಾದ್ಯದಲ್ಲಿ ಹನ್ನೆರಡೂ ಸ್ವರಗಳನ್ನು ನುಡಿಸುವ ಹಾವರ್ಡ್ ಲೆವಿ ಇದ್ದಾರೆ ನಿಜ, ಆದರೆ ಬೆಂಡ್‌ಗೂ ಸಿಗದ ಸ್ವರಗಳಿಗಾಗಿ ಅವರು ಬಳಸುವ ಓವರ್‌ಬ್ಲೋ ತಂತ್ರ ಆರಂಭಿಕರ ಪಾಠವಲ್ಲ.

ಈಗ ಮೂರನೆಯ ರಂಧ್ರದ ನಿಷಾದದಿಂದ ಶುದ್ಧ ಧೈವತದವರೆಗೆ ನಿಧಾನವಾಗಿ ಇಳಿದು ತೋರಿಸುತ್ತೇನೆ. ಪಕ್ಕದಲ್ಲಿರುವ ಟ್ಯೂನರ್ ಆ್ಯಪ್‌ನ ಮುಳ್ಳನ್ನು ಗಮನಿಸುತ್ತಿರಿ. ಚತುಶ್ರುತಿ ಧೈವತದಲ್ಲಿ ಅದನ್ನು ಅಲುಗಾಡದಂತೆ ನಿಲ್ಲಿಸುವುದೇ ಈ ಅಭ್ಯಾಸದ ಕಷ್ಟದ ಭಾಗ.